ಸೇತುವೆ ಶಾಖೆಯ ಗೆರೆ

ಗ್ರಂಥಾಲಯ ಇಲಾಖೆಯ ಮುಖ್ಯ ಕಚೇರಿಯಲ್ಲಿ, ಮೂರನೇ ಮಹಡಿಯ ತುದಿಗೆ ಒಂದು ಕೊಠಡಿ. ಒಂದು ಕಾಲಕ್ಕೆ ಅಲ್ಲಿ ಹರಿದ ಪುಸ್ತಕಗಳಿಗೆ ರಟ್ಟು ಹಾಕುತ್ತಿದ್ದರು. ಸೆಕೆಯ ಮಧ್ಯಾಹ್ನಗಳಲ್ಲಿ ಈಗಲೂ ಗೋಡೆಯಿಂದ ಹಳೆಯ ಅಂಟಿನ ವಾಸನೆ ಏಳುತ್ತದೆ. ಈಗ ಅದು ನಿಗಾ ಕೊಠಡಿ. ಊರಿನ ಒಳಗೂ ಹೊರಗೂ ಹರಡಿಕೊಂಡಿರುವ ಶಾಖಾ ಗ್ರಂಥಾಲಯಗಳ ಕಂಪ್ಯೂಟರುಗಳು ಎದ್ದಿವೆಯೋ ಮಲಗಿವೆಯೋ, ಏದುಸಿರು ಬಿಡುತ್ತಿವೆಯೋ ಆರಾಮಾಗಿವೆಯೋ ಎಂದು ಇಲ್ಲಿ ಕೂತೇ ನೋಡುತ್ತಾರೆ. ನೋಡುವವರು ಇಬ್ಬರು. ಒಬ್ಬ, ಬಾಗಿಲಲ್ಲಿ ತಲೆ ತಗ್ಗಿಸದೆ ಒಳಗೆ ಬರಲಾಗದ ಉದ್ದಣ್ಣ. ಇನ್ನೊಬ್ಬಳು ಕಾವಲಿ.

ಕಾವಲು ಕಾಯುವವಳು ಎಂದು ಪ್ರೀತಿಗೆ ಇಟ್ಟ ಹೆಸರು ಅದು. ಆದರೆ ಕೆಳಗಿನ ಮಹಡಿಯವರು ಅದರ ಒಲೆಯ ಮೇಲಿನ ಅರ್ಥವನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಯಾವುದಾದರೂ ಶಾಖೆಯವರು ಹೇಳದೆ ಕೇಳದೆ ಕಂಪ್ಯೂಟರಿನ ಪ್ಲಗ್ಗು ಕಿತ್ತು ಫ್ಯಾನು ಹಾಕಿಕೊಂಡ ದಿನ, "ಕಾವಲಿ ಕಾದಿದೆ, ಮೇಲೆ ಹೋಗಬೇಡಿ" ಎಂದು ಮೆಟ್ಟಿಲ ಬುಡದಲ್ಲೇ ಒಬ್ಬರಿಗೊಬ್ಬರು ಎಚ್ಚರಿಸುತ್ತಿದ್ದರು. ಅವಳ ಕಿವಿಗೂ ಅದು ಬೀಳುತ್ತಿತ್ತು, ಅವಳೂ ನಗುತ್ತಿದ್ದಳು. ಐವತ್ತು ದಾಟಿದ ಹೆಂಗಸು, ಬೈದರೂ ಮನಸ್ಸಿನಲ್ಲಿ ಇಟ್ಟುಕೊಳ್ಳುವವಳಲ್ಲ.

ಪರದೆಯ ಮೇಲೆ ಒಂದೊಂದು ಶಾಖೆಗೂ ಒಂದೊಂದು ಗೆರೆ. ಹಾವು ಹರಿದ ಹಾಗೆ ಬಲಗಡೆಗೆ ಸಾಗುತ್ತಲೇ ಇರುತ್ತದೆ. ಅದರಲ್ಲಿ ಕೆಳಗಿನಿಂದ ಎರಡನೆಯದು ಸೇತುವೆ ಶಾಖೆಯದು. ಕಾವಲಿ ಬೆಳಿಗ್ಗೆ ಬಂದು ಚೀಲ ಇಟ್ಟು, ನೀರು ಕುಡಿಯುವುದಕ್ಕೂ ಮೊದಲು ನೋಡುತ್ತಿದ್ದದ್ದು ಆ ಗೆರೆಯನ್ನು. ಆ ಶಾಖೆಯ ಗ್ರಂಥಪಾಲಕಿ ಅವಳ ಸ್ವಂತ ಅಕ್ಕ ಎಂಬುದು ಉದ್ದಣ್ಣನೊಬ್ಬನಿಗೆ ಗೊತ್ತಿತ್ತು. ಅಕ್ಕ ತಂಗಿ ಮಾತು ಬಿಟ್ಟು ವರ್ಷಗಳೇ ಕಳೆದಿವೆ ಎಂಬುದೂ ಅವನಿಗೆ ಗೊತ್ತಿತ್ತು. ಅದಕ್ಕೇ ಸೇತುವೆ ಶಾಖೆಗೆ ಫೋನ್ ಮಾಡಬೇಕಾಗಿ ಬಂದಾಗಲೆಲ್ಲ ಅವನೇ ಮಾಡುತ್ತಿದ್ದ. ಕೇಳಿ ಮಾಡಿದ್ದಲ್ಲ, ಹಾಗೆ ನಡೆದುಕೊಂಡು ಬಂದಿತ್ತು.

ಅವರಿಬ್ಬರ ತಾಯಿ ಬೇಗ ಹೋದರು. ತಂಗಿ ಆಗ ಇನ್ನೂ ಅಕ್ಷರ ಕೂಡಿಸಿ ಓದುವ ವಯಸ್ಸು, ಅಕ್ಕ ಹೈಸ್ಕೂಲು. ತಂದೆ ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದರು. ಸಂಜೆ ಬರುವಾಗ ಕೆಟ್ಟು ಹೋದ ಅಚ್ಚಿನ ಹಾಳೆಗಳನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಬರುತ್ತಿದ್ದರು. ಆ ಮನೆಗೆ ಕಥೆಗಳು ಬಂದದ್ದು ಹಾಗೆ, ತಲೆ ಇದ್ದರೆ ಬಾಲ ಇಲ್ಲ. ಅಕ್ಕ ಅಕ್ಕಿ ಆರಿಸುತ್ತಾ ಹಾಳೆ ಓದುವಳು. ಹಾಳೆ ಮುಗಿದಲ್ಲಿ ಕಥೆ ನಿಲ್ಲುತ್ತಿರಲಿಲ್ಲ, ಅವಳು ನಿಲ್ಲಿಸುತ್ತಿರಲಿಲ್ಲ. ರಾಜಕುಮಾರ ಬಾವಿಗೆ ಬಿದ್ದಲ್ಲಿಗೆ ಪುಟ ಮುಗಿದಿದ್ದರೆ, ಅವನನ್ನು ಮೇಲೆತ್ತುವ ಹಗ್ಗವನ್ನು ಅಕ್ಕನೇ ಹೊಸೆಯಬೇಕು. ಕಣ್ಣು ಹಾಳೆಯ ಮೇಲೇ ಇಟ್ಟು, ಧ್ವನಿ ಒಂದಿಷ್ಟೂ ಬದಲಾಗದ ಹಾಗೆ ಹೊಸೆಯುತ್ತಿದ್ದಳು. ಎಲ್ಲಿ ಅಚ್ಚು ಮುಗಿದು ಅಕ್ಕ ಶುರುವಾದಳು ಎಂದು ತಂಗಿಗೆ ಯಾವತ್ತೂ ಗೊತ್ತಾಗಲಿಲ್ಲ.

ಅಕ್ಕ ಮದುವೆಯಾಗಲಿಲ್ಲ. ಮೊದಲು ತಂಗಿಯ ಓದು, ಆಮೇಲೆ ತಂಗಿಯ ಮದುವೆ, ಆಮೇಲೆ ತಂದೆಯ ಕಾಯಿಲೆ. ಎಲ್ಲ ಮುಗಿಯುವ ಹೊತ್ತಿಗೆ ಕೇಳುವವರೂ ಸುಮ್ಮನಾಗಿದ್ದರು. ಸುಮ್ಮನಾಗದವಳು ತಂಗಿಯೊಬ್ಬಳೇ. ಅಕ್ಕನ ಋಣ ಹೇಗೆ ತೀರಿಸುವುದು ಎಂಬ ಚಿಂತೆ ಅವಳನ್ನು ಒಳಗೊಳಗೇ ಕೊರೆಯುತ್ತಿತ್ತು. ಒಂದು ಭಾನುವಾರ ಗಂಡನ ಪರಿಚಯದವರೊಬ್ಬರನ್ನು, ಹೆಂಡತಿ ತೀರಿಕೊಂಡ ಒಬ್ಬ ಅಳತೆ ಕಚೇರಿಯ ಗುಮಾಸ್ತರನ್ನು, ಸುಮ್ಮನೆ ದಾರಿಯಲ್ಲಿ ಸಿಕ್ಕವರ ಹಾಗೆ ಅಕ್ಕನ ಮನೆಗೆ ಕರೆದುಕೊಂಡು ಹೋದಳು. ಅಕ್ಕ ಟೀ ಕೊಟ್ಟಳು. ಆ ಮನುಷ್ಯ ಟೀ ಹೀರಿ, ಗೋಡೆ ನೋಡಿ, ಅಡುಗೆಮನೆ ಕಡೆ ಕತ್ತು ಚಾಚಿ, "ಎಣ್ಣೆ ಕಡಿಮೆ ಹಾಕ್ತೀರಾ ತಾನೆ? ನನಗೆ ಬಿ.ಪಿ." ಎಂದರು.

ಅಕ್ಕ ನಗುನಗುತ್ತಲೇ ಅವರನ್ನು ಬೀಳ್ಕೊಟ್ಟಳು. ಗೇಟಿನ ಸದ್ದು ಆದ ಮೇಲೆ ತಂಗಿಯ ಕಡೆ ತಿರುಗಿದಳು.

"ನಾನು ನಿನ್ನ ತಲೆ ಮೇಲಿನ ಭಾರ ಅಂತ ಯಾವತ್ತು ಹೇಳಿದ್ದೆ?"

"ಅಕ್ಕ, ಹಾಗಲ್ಲ. ಒಬ್ಬಳೇ ಇರ್ತೀಯಲ್ಲ ಅಂತ..."

"ಒಬ್ಬಳೇ ಇರೋದು ಕಷ್ಟ ಅಂತ ನಾನು ನಿನ್ನ ಹತ್ರ ಅತ್ತಿದ್ದೀನಾ? ನನ್ನ ಬದುಕನ್ನ ಇಷ್ಟು ದಿನ ಹೀಗೆ ನೋಡ್ತಿದ್ದೆ ಅನ್ನು. ಹೋಗು. ಮತ್ತೆ ನನ್ನ ಹೊಸ್ತಿಲು ತುಳೀಬೇಡ."

ಸಿಟ್ಟಿನ ಮಾತು, ಇವತ್ತಲ್ಲ ನಾಳೆ ಆರುತ್ತದೆ ಎಂದುಕೊಂಡಳು ತಂಗಿ. ಆರಲಿಲ್ಲ. ಫೋನ್ ಮಾಡಿದರೆ ಅಕ್ಕ ಎತ್ತಿ, ಧ್ವನಿ ಕೇಳಿ, ಮೆಲ್ಲಗೆ ಇಟ್ಟುಬಿಡುತ್ತಿದ್ದಳು. ಕುಕ್ಕಿದ್ದರೆ ವಾಸಿಯಿತ್ತು. ಸ್ವಲ್ಪ ಕಾಲಕ್ಕೆ ಅಕ್ಕ ಆ ಮನೆಯನ್ನೂ ಬಿಟ್ಟು ಸೇತುವೆಯ ಆಚೆ ಬೇರೆ ಮನೆ ಹಿಡಿದಳೆಂಬ ಸುದ್ದಿ ಮೂರನೆಯವರಿಂದ ಬಂತು.

ಜಗಳವಾದ ಆ ದಿನಗಳಲ್ಲೇ ಇಲಾಖೆ ಕಾವಲಿಯನ್ನು ಬೆರಳಚ್ಚು ವಿಭಾಗದಿಂದ ತೆಗೆದು ಹೊಸ ಕೊಠಡಿಗೆ ಹಾಕಿತು. ಕಲಿಸಲು ಹೊರಗಿನಿಂದ ಒಬ್ಬ ಮೇಷ್ಟ್ರು ಬಂದರು. ಸೀಮೆಸುಣ್ಣದ ಪುಡಿ ಹುಬ್ಬಿಗೂ ಹತ್ತಿಸಿಕೊಳ್ಳುವ ಆಸಾಮಿ.

"ಒಂದೊಂದು ಕಂಪ್ಯೂಟರಿನ ಒಳಗೂ ನಮ್ಮದೊಂದು ಸಣ್ಣ ಪ್ರೋಗ್ರಾಂ ಕೂರಿಸಿದ್ದೀವಿ. ಅದಕ್ಕೆ ಏಜೆಂಟ್ ಅಂತ ಹೆಸರು. ನಮ್ಮ ಕಡೆಯ ಮನುಷ್ಯ ಅಂದ್ಕೊಳ್ಳಿ. ಪ್ರೊಸೆಸರ್ ಎಷ್ಟು ದುಡೀತಿದೆ, ಮೆಮೊರಿ ಎಷ್ಟು ಖಾಲಿ ಇದೆ, ಡಿಸ್ಕ್ ಎಷ್ಟು ತುಂಬಿದೆ, ಒಂದೊಂದಕ್ಕೂ ಒಂದೊಂದು ಕೌಂಟರ್. ಆಗಾಗ ಅಳೆದು ನಮಗೆ ಕಳಿಸ್ತಾ ಇರುತ್ತೆ."

ಆಮೇಲೆ ಬೇಸ್‌ಲೈನ್. "ಜ್ವರ ಇದೆ ಅಂತ ಹೇಳ್ಬೇಕಾದ್ರೆ ಜ್ವರ ಇಲ್ಲದ ಮೈ ಎಷ್ಟು ಬೆಚ್ಚಗಿರುತ್ತೆ ಅಂತ ಗೊತ್ತಿರ್ಬೇಕು. ಮಾಮೂಲು ಗೊತ್ತಿಲ್ಲದವನು ನಿಗಾ ಮಾಡೋಕಾಗಲ್ಲ. ಮಾಮೂಲು ಅಂದ್ರೆ ಆ ಮಾಮೂಲಲ್ಲ," ಎಂದು ಅವರು ಅಂಗಿಯ ಜೇಬು ತಟ್ಟಿ ತೋರಿಸಿದಾಗ ಇಡೀ ತರಗತಿ ನಕ್ಕಿತು. "ಮುಂದಿನ ಪದ ಥ್ರೆಷೋಲ್ಡ್. ಇಂಗ್ಲಿಷಿನಲ್ಲಿ ಹೊಸ್ತಿಲು ಅಂತ ಅರ್ಥ. ನಾವು ಮಿತಿ ಅನ್ನೋಣ. ಅಳತೆ ಅದನ್ನ ದಾಟಿತು ಅಂದ್ರೆ ಎಚ್ಚರಿಕೆಯ ಗಂಟೆ ಹೊಡೆಯುತ್ತೆ."

ಹೊಸ್ತಿಲು ಎಂದ ಕೂಡಲೇ ಕಾವಲಿಯ ಪೆನ್ನು ನಿಂತಿತು. ಪಕ್ಕದಲ್ಲಿದ್ದ ಉದ್ದಣ್ಣ, ಮೇಡಂಗೆ ಕಾಗುಣಿತ ತಿಳಿಯಲಿಲ್ಲವೇನೋ ಎಂದು ತನ್ನ ಹಾಳೆಯನ್ನು ಅವಳ ಕಡೆ ಸರಿಸಿದ.

ಪದಗಳು ಬಾಯಿಗೆ ಬಂದವು, ಪರದೆ ಕಣ್ಣಿಗೆ ಒಗ್ಗಿತು. ಎಲ್ಲ ಶಾಖೆಗಳ ಮಾಮೂಲನ್ನೂ ಅವಳು ಕಲಿತಳು. ಸಂತೆಬೀದಿ ಶಾಖೆಯ ಕಂಪ್ಯೂಟರು ಸಂಜೆ ಮಕ್ಕಳು ಬಂದಾಗ ಎಗರುತ್ತದೆ. ನಿಲ್ದಾಣದ ಶಾಖೆಯದು ಇಡೀ ದಿನ ತೂಕಡಿಸುತ್ತದೆ, ಅಲ್ಲಿನ ಗುಮಾಸ್ತನೂ ಹಾಗೇ. ಆದರೆ ಅವಳಿಗೆ ಬಾಯಿಪಾಠವಾಗಿದ್ದದ್ದು ಸೇತುವೆ ಶಾಖೆಯದು. ಬಾಗಿಲು ತೆಗೆಯುವ ಹೊತ್ತಿಗಿಂತ ಮುಂಚೆಯೇ ಗೆರೆ ಏಳುತ್ತದೆ. ಅಕ್ಕ ಯಾವತ್ತೂ ಬೇಗ ಬರುವವಳೇ. ಬೆಳಗಿನ ಕೊಡುಕೊಳ್ಳುವಿಕೆಗೆ ಸಣ್ಣ ಸಣ್ಣ ಅಲೆ. ಒಂದೊಂದು ದಿನ ಗೆರೆ ತಡವಾಗಿ ಎದ್ದರೆ ಕಾವಲಿಯ ಬೆಳಗೆಲ್ಲ ಹಾಳು. ಬಸ್ಸು ತಪ್ಪಿತೋ, ಮೈ ಸರಿಯಿಲ್ಲವೋ? ಕೇಳುವಂತಿಲ್ಲ. ಆ ಗೆರೆ ಹೇಳುವುದು ಯಂತ್ರ ಎಷ್ಟು ದುಡಿಯುತ್ತಿದೆ ಎಂದು ಮಾತ್ರ, ಏನು ಮಾಡುತ್ತಿದೆ ಎಂದಲ್ಲ. ಅದರ ಮುಂದೆ ಕೂತವಳ ಮುಖ ಹೇಗಿದೆ ಎಂದಂತೂ ಅಲ್ಲವೇ ಅಲ್ಲ.

ಹಿಂದಿನ ವರ್ಷದಿಂದ ಆ ಗೆರೆಯಲ್ಲಿ ಒಂದು ಹೊಸ ಸಂಗತಿ ಕಾಣಿಸಿಕೊಂಡಿತ್ತು. ಮಧ್ಯಾಹ್ನ, ಬೇರೆ ಶಾಖೆಗಳೆಲ್ಲ ಊಟಕ್ಕೆ ಬಾಗಿಲು ಹಾಕಿ ಗೆರೆಗಳು ನೆಲ ಹಿಡಿದಾಗ, ಸೇತುವೆ ಶಾಖೆಯದು ಮಾತ್ರ ಮೇಲೇರುತ್ತಿತ್ತು. ಬಾಗಿಲು ಹಾಕಿಕೊಂಡು ಅಕ್ಕ ಏನು ಮಾಡುತ್ತಾಳೆ? ಊಟ ಮಾಡುವುದಿಲ್ಲವೆ?

"ಸಿನಿಮಾ ನೋಡ್ತಿರ್ಬೇಕು," ಎಂದ ಉದ್ದಣ್ಣ.

"ನಮ್ಮಕ್ಕನಾ? ಸಿನಿಮಾದವರೇ ಬಂದು ಇವಳನ್ನ ನೋಡ್ಬೇಕು, ಇವಳು ನೋಡಲ್ಲ."

ಉದ್ದಣ್ಣ ಮಗಳ ಮದುವೆಗೆಂದು ರಜೆ ಹಾಕಿದ್ದ ವಾರದಲ್ಲೇ ಸೇತುವೆ ಶಾಖೆಯ ಗಂಟೆ ಹೊಡೆಯಿತು. ಡಿಸ್ಕ್ ತುಂಬುತ್ತಾ ಬಂದು ಮಿತಿ ದಾಟಿತ್ತು. ನಿಯಮದ ಪ್ರಕಾರ ಕೂಡಲೇ ಶಾಖೆಗೆ ಫೋನ್ ಮಾಡಬೇಕು. ಕಾವಲಿ ನೀರು ಕುಡಿದಳು. ಸೀರೆಯ ಸೆರಗನ್ನು ಸರಿಮಾಡಿಕೊಂಡಳು, ಫೋನಿನಲ್ಲಿ ಕಾಣುತ್ತದೇನೋ ಎನ್ನುವ ಹಾಗೆ. ಮಾಡಿದಳು.

"ನಮಸ್ಕಾರ. ಮುಖ್ಯ ಕಚೇರಿ, ನಿಗಾ ಕೊಠಡಿಯಿಂದ."

ಆ ಕಡೆ ಎತ್ತಿದ್ದು ಅಕ್ಕನೇ. ಇಟ್ಟುಬಿಡುತ್ತಾಳೆ ಎಂದುಕೊಂಡಳು. ಅಕ್ಕ ಇಡಲಿಲ್ಲ.

"ಹೇಳಿ ಮೇಡಂ."

"ನಿಮ್ಮ ಕಂಪ್ಯೂಟರಿನ ಡಿಸ್ಕ್ ತುಂಬಿದೆ. ಅದಕ್ಕೇ ನಿಧಾನ ಆಗಿದೆ."

"ನಿಧಾನ ಆಗಿರೋದು ನನಗೂ ಗೊತ್ತಿದೆ. ಒಂದು ಪುಸ್ತಕ ಹುಡುಕು ಅಂದ್ರೆ ತುಂಬು ಬಸುರಿ ಮೆಟ್ಟಿಲು ಹತ್ತಿದ ಹಾಗೆ ಹತ್ತುತ್ತೆ."

"ದೊಡ್ಡ ಫೈಲುಗಳು ಏನಾದ್ರೂ ಇಟ್ಟಿದ್ದೀರಾ?"

"ಇಟ್ಟಿದ್ದೀನಿ. ಕಣ್ಣು ಕಾಣದವರು ಕೆಲವರು ನಮ್ಮ ಶಾಖೆಗೆ ಬರ್ತಾರೆ. ಅವರಿಗೆ ಅಂತ ಊಟದ ಹೊತ್ತಲ್ಲಿ ಪುಸ್ತಕ ಓದಿ ರೆಕಾರ್ಡ್ ಮಾಡ್ತೀನಿ. ಬಾಗಿಲು ಹಾಕಿದಾಗ ಸದ್ದಿರಲ್ಲ. ಅಳಿಸಿ ಅಂತ ಮಾತ್ರ ಹೇಳ್ಬೇಡಿ."

ವರ್ಷದಿಂದ ತಾನು ನೋಡುತ್ತಿದ್ದ ಆ ಏರು ಅಕ್ಕನ ಧ್ವನಿ ಎಂದು ಕಾವಲಿಗೆ ಆಗ ತಿಳಿಯಿತು.

"ಅಳಿಸೋದು ಬೇಡ," ಎಂದಳು. "ಇಲ್ಲಿಗೆ ತರಿಸ್ಕೊಳ್ತೀನಿ. ಇಲ್ಲಿ ಜಾಗ ಇದೆ."

"ಹಾಳಾಗಲ್ವಾ?"

"ಇಲ್ಲ. ಬಂದದ್ದನ್ನ ನಾನೇ ಕೇಳಿ ನೋಡ್ತೀನಿ."

"ಎಲ್ಲಾ ಕೇಳ್ಬೇಕಾಗಿಲ್ಲ. ನಿಮ್ಮ ಕೆಲಸ ಕೆಡುತ್ತೆ," ಎಂದಳು ಅಕ್ಕ. ಮಾತು ಮುಗಿಯಿತು ಎನ್ನುವಷ್ಟರಲ್ಲಿ, "ಧ್ವನಿ ಕಟ್ಟಿದೆಯಲ್ಲ, ನೆಗಡಿಯಾ?"

"ಸ್ವಲ್ಪ."

"ಬಿಸಿನೀರು ಕುಡೀರಿ," ಎಂದು ಇಟ್ಟಳು.

ಸೇತುವೆ ಶಾಖೆಯ ಲೈನು ಸಣ್ಣದು. ಹಗಲಿಡೀ ಎಳೆದರೂ ಕೆಲವೇ ಪುಸ್ತಕಗಳು ದಾಟಿ ಬರುತ್ತಿದ್ದವು. ಅದಕ್ಕಾಗಿ ದಿನವೂ ಫೋನ್ ಮಾಡಬೇಕಾಗುತ್ತಿತ್ತು. ಆ ಸಣ್ಣ ಲೈನಿಗೆ ಕಾವಲಿ ಮನಸ್ಸಿನಲ್ಲೇ ಕೈ ಮುಗಿದಳು.

"ಇಷ್ಟು ಹೊತ್ತು ಯಾಕೆ?" ಎಂದು ಅಕ್ಕ ಕೇಳುವಳು. "ಬ್ಯಾಂಡ್‌ವಿಡ್ತ್ ಕಡಿಮೆ," ಎಂದು ಇವಳು. "ಹಾಗಂದ್ರೆ?" "ರಸ್ತೆಯ ಅಗಲ. ನಿಮ್ಮದು ಒಂಟಿ ಗಾಡಿ ದಾರಿ. ಅದರಲ್ಲಿ ನಿಜವಾಗಿ ಎಷ್ಟು ಗಾಡಿ ದಾಟಿ ಬಂತು ಅನ್ನೋದು ಥ್ರೂಪುಟ್." ಅಕ್ಕ ಪದವನ್ನು ಒಂದು ಸಲ ಹೇಳಿ ನೋಡುವಳು, ಹೊಸ ಪುಸ್ತಕದ ಬೆನ್ನು ಸವರುವವಳ ಹಾಗೆ. ಒಂದು ದಿನ ಲೇಟೆನ್ಸಿ ಎಂಬ ಪದ ಬಂತು. ಈ ಕಡೆಯಿಂದ ಕೇಳಿದ್ದಕ್ಕೆ ಆ ಕಡೆಯಿಂದ ಉತ್ತರ ಬರುವವರೆಗಿನ ತಡ ಎಂದು ಕಾವಲಿ ಬಿಡಿಸಿ ಹೇಳಿದಳು.

"ತಡ ಜಾಸ್ತಿ ಆದ್ರೆ?"

"ಒಂದು ಮಿತಿವರೆಗೂ ಕಾಯುತ್ತೆ. ಆಮೇಲೆ ಆ ಕಡೆ ಯಾರೂ ಇಲ್ಲ ಅಂದ್ಕೊಂಡು ಬಿಟ್ಟುಬಿಡುತ್ತೆ."

"ಇದ್ರೂ?"

"ಇದ್ರೂ."

ಆ ಕಡೆ ಯಾರೋ ಪುಸ್ತಕ ಹಿಂದಿರುಗಿಸಲು ಬಂದರು. ಮುದ್ರೆ ಒತ್ತುವ ಟಪ್ ಟಪ್ ಕೇಳಿಸಿತು.

ಬಂದ ಫೈಲುಗಳನ್ನು ಕಾವಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ ಕೇಳಿದಳು. ಒಂದೊಂದರಲ್ಲೂ ಸ್ವಲ್ಪ ಕೇಳಿದರೆ ಸಾಕಿತ್ತು. ಅವಳು ಊಟ ಬಿಟ್ಟು ಕೇಳಿದಳು. ಅದೇ ಧ್ವನಿ. ವಯಸ್ಸಾಗಿ ಅಂಚು ಸ್ವಲ್ಪ ಸವೆದಿದೆ, ಪುಟ ತಿರುಗಿಸುವಾಗ ಸಣ್ಣ ಕೆಮ್ಮು. ಮಕ್ಕಳ ಒಂದು ಕಥೆ, ಕಾಡಿನಲ್ಲಿ ದಾರಿ ತಪ್ಪಿದ ಕುದುರೆಯದು. ಕುದುರೆ ನದಿಯ ದಡಕ್ಕೆ ಬಂದು ನಿಂತಿತು, ಆಚೆ ದಡದಲ್ಲಿ ದೀಪ ಕಂಡಿತು. ಅಲ್ಲಿಗೆ ಧ್ವನಿ ನಿಂತಿತು. ಆಮೇಲೆ, "ಈ ಪ್ರತಿಯಲ್ಲಿ ಕೊನೆಯ ಪುಟ ಇಲ್ಲ. ಬೇರೆ ಪ್ರತಿ ಸಿಕ್ಕಾಗ ಓದ್ತೀನಿ."

ಕಾವಲಿ ಕಾದಳು. ರೆಕಾರ್ಡಿಂಗ್ ಇನ್ನೂ ಓಡುತ್ತಿತ್ತು, ಫ್ಯಾನಿನ ಸದ್ದು ಮಾತ್ರ. ಅಕ್ಕ ಹಗ್ಗ ಹೊಸೆಯಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿ ನಿಲ್ಲಿಸಿದ್ದಳು. ಆ ಮಧ್ಯಾಹ್ನ ಬಂದ ಅಳುವಿಗೆ ಕಾವಲಿ ತಾನೇ ಬೆರಗಾದಳು. ಮದುವೆ ಮುಗಿಸಿ ಬಂದ ಉದ್ದಣ್ಣ ಬಾಗಿಲಲ್ಲಿ ತಲೆ ತಗ್ಗಿಸಿದವನು, ಒಳಗೆ ನೋಡಿ, ಹಾಗೇ ತಗ್ಗಿಸಿಕೊಂಡೇ ಹಿಂದೆ ಹೋದ.

ಎಲ್ಲ ಪುಸ್ತಕಗಳೂ ದಾಟಿ ಬಂದವು. ಡಿಸ್ಕ್ ಖಾಲಿಯಾಯಿತು, ಗೆರೆ ಮಾಮೂಲಿಗೆ ಇಳಿಯಿತು. ಫೋನ್ ಮಾಡಲು ಕಾರಣ ಉಳಿಯಲಿಲ್ಲ.

"ಕಾರಣ ಬೇಕಾ? ಸುಮ್ನೆ ಮಾಡು," ಎಂದ ಗಂಡ.

"ಸುಮ್ನೆ ಮಾಡಿದ್ರೆ ಇಟ್ಟುಬಿಡ್ತಾಳೆ. ನಾನು ಅವಳಿಗೆ ನಿಗಾ ಕೊಠಡಿ, ಅಷ್ಟೇ."

ವಾರ ಕಳೆಯಿತು, ಇನ್ನೊಂದೂ ಕಳೆಯಿತು. ಹಿಂದೆ ಗೆರೆ ನೋಡಿ ತೃಪ್ತಿಪಡುತ್ತಿದ್ದವಳಿಗೆ ಈಗ ಅದನ್ನು ನೋಡಿದರೆ ಸಮಾಧಾನವಾಗುತ್ತಿರಲಿಲ್ಲ. ಧ್ವನಿ ಕೇಳಿದ ಮೇಲೆ ಗೆರೆ ಸಾಲದು. ಹಾಗಿರುವಾಗ ಒಂದು ಬೆಳಿಗ್ಗೆ ಕೊಠಡಿಯ ಫೋನ್ ಹೊಡೆಯಿತು.

"ಸೇತುವೆ ಶಾಖೆಯಿಂದ. ಕಂಪ್ಯೂಟರ್ ಮತ್ತೆ ನಿಧಾನ ಆಗಿದೆ."

ಕಾವಲಿ ಪರದೆ ನೋಡಿದಳು. ಪ್ರೊಸೆಸರ್ ಸುಮ್ಮನಿತ್ತು. ಮೆಮೊರಿ ಬೇಕಾದಷ್ಟಿತ್ತು. ಅಂಥ ಆರೋಗ್ಯವಂತ ಯಂತ್ರ ಇಡೀ ಇಲಾಖೆಯಲ್ಲಿರಲಿಲ್ಲ.

"ಹೌದು," ಎಂದಳು. "ಇಲ್ಲಿಂದ ಸರಿಮಾಡೋಕಾಗಲ್ಲ. ಬಂದೇ ನೋಡ್ಬೇಕು."

"ಬನ್ನಿ," ಎಂದಳು ಅಕ್ಕ. "ಶನಿವಾರ ಜನ ಕಡಿಮೆ."

ಸೇತುವೆ ಶಾಖೆ ಒಂದು ಹೊಲಿಗೆ ಅಂಗಡಿಗೂ ಗಾಜಿನ ಅಂಗಡಿಗೂ ನಡುವಿನ ಉದ್ದನೆಯ ಕೋಣೆ. ನೀಲಿ ಬಣ್ಣದ ಬಾಗಿಲು. ಓದುವ ಮೇಜಿನ ಕಾಲೊಂದಕ್ಕೆ ಮಡಿಸಿದ ರಟ್ಟು ಕೊಟ್ಟಿದ್ದರು. ಅಕ್ಕನ ತಲೆ ಪೂರ್ತಿ ಬೆಳ್ಳಗಾಗಿತ್ತು, ಮೊಣಕೈ ಮೊದಲಿಗಿಂತ ಚೂಪಾಗಿತ್ತು. ತಂಗಿಯನ್ನು ಅಡಿಯಿಂದ ಮುಡಿಯವರೆಗೂ ಒಂದು ಸಲ ನೋಡಿ, ಕುರ್ಚಿ ಎಳೆದು ಕಂಪ್ಯೂಟರಿನ ಮುಂದೆ ಹಾಕಿದಳು. ಕಾವಲಿ ಕೂತು ಗಂಭೀರವಾಗಿ ಅದನ್ನೂ ಇದನ್ನೂ ಒತ್ತಿ ನೋಡಿದಳು.

"ಏನೂ ಆಗಿಲ್ಲ," ಎಂದಳು ಕೊನೆಗೆ.

"ನನಗೆ ಗೊತ್ತು," ಎಂದಳು ಅಕ್ಕ.

ಬಾಗಿಲು ಹಾಕಿ ಡಬ್ಬಿ ಬಿಚ್ಚಿದರು. ಅಕ್ಕ ತನ್ನದರಲ್ಲಿ ಅರ್ಧ ಇವಳ ಮುಚ್ಚಳಕ್ಕೆ ಹಾಕಿದಳು, ಕೇಳಲಿಲ್ಲ. ತಿನ್ನುತ್ತಾ ಕಾವಲಿ ಎಲ್ಲ ಹೇಳಿಬಿಟ್ಟಳು. ಇಷ್ಟು ವರ್ಷ ದಿನವೂ ಆ ಗೆರೆ ನೋಡುತ್ತಿದ್ದದ್ದು, ತಡವಾದರೆ ಹೆದರುತ್ತಿದ್ದದ್ದು.

"ಏನೇನು ಕಾಣುತ್ತೆ ನಿನಗೆ?" ಅಕ್ಕನ ಬಾಯಲ್ಲಿ ಮೇಡಂ ಹೋಗಿ ನೀನು ಬಂದಿತ್ತು.

"ಏನೂ ಇಲ್ಲ ಅಕ್ಕ. ಯಾವಾಗ ಬಂದೆ, ಯಾವಾಗ ಹೋದೆ, ಅಷ್ಟೇ."

"ಮನೆಗೆ ಹೋದ ಮೇಲೆ?"

"ಕಾಣಲ್ಲ."

"ನೋಡು. ನನ್ನ ಬದುಕು ಇರೋದೆಲ್ಲ ಅಲ್ಲೇ." ಅಕ್ಕ ಕೈ ಒರೆಸಿಕೊಂಡಳು. "ಆ ಮನುಷ್ಯನ ಮೇಲೆ ನನಗೆ ಕೋಪ ಇರ್ಲಿಲ್ಲ. ಪಾಪ, ಅವನಿಗೆ ಎಣ್ಣೆ ಚಿಂತೆ. ನೀನು ನನ್ನ ಕೇಳ್ಲಿಲ್ಲ. ನನ್ನ ಬಗ್ಗೆ ಎಲ್ಲಾ ಗೊತ್ತು ಅಂತ ನೀನು ಅಂದ್ಕೊಂಡಿದ್ದೆ. ಅದು ನೋವಾಯ್ತು."

"ಫೋನ್ ಯಾಕೆ ಇಡ್ತಿದ್ದೆ?"

"ಮೊದಲು ಸಿಟ್ಟು. ಆಮೇಲೆ ಹೇಗೆ ಶುರು ಮಾಡೋದು ಗೊತ್ತಾಗ್ಲಿಲ್ಲ."

ಬಾಗಿಲು ತೆಗೆದಾಗ ಬಿಳಿ ಕೋಲಿನ ಒಬ್ಬ ಮುದುಕರು ಕಾದು ನಿಂತಿದ್ದರು. ಇಬ್ಬರೂ ಒಟ್ಟಿಗೆ "ಬನ್ನಿ" ಎಂದರು. ಅವರು ತಲೆ ವಾಲಿಸಿ, "ಒಬ್ಬರೇ ಎರಡು ಸಲ ಕರೆದ್ರೋ, ಇಬ್ಬರಿದ್ದೀರೋ?" ಎಂದು ಕೇಳಿದರು. ಅಕ್ಕ, "ನನ್ನ ತಂಗಿ," ಎಂದಳು. ಆ ಮಾತನ್ನು ಅಕ್ಕನ ಬಾಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತೋ.

ಇದಾದ ಮೇಲೆ ಎಲ್ಲವೂ ಹಾಲು ಜೇನಾಯಿತು ಎಂದೇನಿಲ್ಲ. ಅಕ್ಕ ಮೊದಲಿನಿಂದಲೂ ಅಳೆದು ಸುರಿಯುವವಳು. ಫೋನ್ ಎತ್ತುತ್ತಿದ್ದಳು, ಕೆಲವು ಸಲ ಎತ್ತುತ್ತಿರಲಿಲ್ಲ. ಮನೆಗೆ ಬರಲೇ ಎಂದರೆ, "ಇನ್ನೊಂದು ಸಲ ನೋಡೋಣ" ಎನ್ನುತ್ತಿದ್ದಳು. ಮಳೆಗಾಲ ಮುಗಿಯುವ ಹೊತ್ತಿಗೆ ಅವಳಿಗೆ ನಿವೃತ್ತಿಯಾಯಿತು. ಸೇತುವೆ ಶಾಖೆಗೆ ಬೇರೆಯವರು ಬಂದರು. ಅವರು ತಡವಾಗಿ ಬರುವವರು, ಮಧ್ಯಾಹ್ನ ನಿದ್ದೆ ಮಾಡುವವರು. ಕೆಲವೇ ದಿನಗಳಲ್ಲಿ ಆ ಗೆರೆ ಕಾವಲಿಗೆ ಪರಿಚಯವೇ ಇಲ್ಲದ ಗೆರೆಯಾಯಿತು. ಅದರ ಹೊಸ ಮಾಮೂಲನ್ನು ಉದ್ದಣ್ಣ ಬರೆದುಕೊಂಡ. ಅವಳಿಗೆ ಮನಸ್ಸಾಗಲಿಲ್ಲ.

ನಿವೃತ್ತಿಯ ನಂತರ ಅಕ್ಕ ಒಮ್ಮೆ ತಂಗಿಯ ಮನೆಗೆ ಬಂದಳು. ಕಾವಲಿ ಹೊಸ ಹಾಸಿಗೆ ಹೊಲಿಸಿದ್ದಳು, ಕಿಟಕಿಯ ಪಕ್ಕದ ಕೋಣೆ ಖಾಲಿ ಮಾಡಿಸಿದ್ದಳು. ಇನ್ನು ಇಲ್ಲೇ ಇದ್ದುಬಿಡು ಎಂಬ ಮಾತು ದಿನಕ್ಕೆ ಹತ್ತು ಸಲ ನಾಲಿಗೆಯ ತುದಿಗೆ ಬಂದು ಹಿಂದೆ ಹೋಯಿತು. ಕೇಳದೆ ಏನನ್ನೂ ಮಾಡಬಾರದು ಎಂದು ಕಲಿತಿದ್ದಳು. ಕೇಳಿದರೆ ಏನು ಉತ್ತರ ಬರುತ್ತದೆ ಎಂಬುದೂ ತಿಳಿದಿತ್ತು. ಎರಡೂ ಗೊತ್ತಿರುವುದು ಅಷ್ಟೇನೂ ಸುಖವಲ್ಲ. ಅಕ್ಕ ಬಂದಷ್ಟೇ ಹಗುರವಾಗಿ ಒಂದು ಬೆಳಿಗ್ಗೆ ಚೀಲ ಕಟ್ಟಿದಳು.

"ಇನ್ನೆರಡು ದಿನ ಇರಬಹುದಿತ್ತು."

"ಇದ್ರೆ ಜಗಳ ಆಡ್ತೀವಿ. ನೀನು ಉಪ್ಪು ಜಾಸ್ತಿ ಹಾಕ್ತೀಯ," ಎಂದು ಅಕ್ಕ ಬಸ್ಸು ಹತ್ತಿದಳು. ಕಿಟಕಿಯಿಂದ ಕೈ ಚಾಚಿ ತಂಗಿಯ ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿದಳು. "ತಲುಪಿದ ಮೇಲೆ ಮಾಡ್ತೀನಿ."

ಸಂಜೆ ಫೋನ್ ಬಂತು.

"ತಲುಪಿದೆ."

"ಏನ್ ಮಾಡ್ತಿದೀಯ?"

"ಬಾಗಿಲು ತೆಗೆದೆ. ಮನೆಯೆಲ್ಲ ಮುಗ್ಗಲು ವಾಸನೆ. ಕಿಟಕಿ ತೆಗೀತೀನಿ. ಇಡಬೇಡ, ಇರು."

ಅಕ್ಕ ಫೋನನ್ನು ಎಲ್ಲೋ ಮೇಜಿನ ಮೇಲೆ ಇಟ್ಟಳು. ಕಾವಲಿ ಇನ್ನೂ ಕಾಲಿಡದ ಆ ಮನೆಯಲ್ಲಿ ಒಂದು ಚಿಲಕ ಸರಿಯಿತು, ಸ್ವಲ್ಪ ದೂರದಲ್ಲಿ ಇನ್ನೊಂದು. ನಲ್ಲಿ ಬಿಟ್ಟ ಸದ್ದು, ಪಾತ್ರೆ ತುಂಬುವ ಸದ್ದು. ಹಾಗಾದರೆ ಅಡುಗೆಮನೆ ಎಡಗಡೆಗಿದೆಯೇನೋ. ಚಪ್ಪಲಿ ಇಲ್ಲದ ಹೆಜ್ಜೆ ದೂರ ಹೋಯಿತು, ಹತ್ತಿರ ಬಂತು, ಮತ್ತೆ ದೂರ ಹೋಯಿತು. ಒಳಗಿನಿಂದ ಗಂಡ "ಯಾರು?" ಎಂದ. ಅವಳು ಕೈ ಸನ್ನೆಯಲ್ಲೇ ಸುಮ್ಮನಿರು ಎಂದು ಹೇಳಿ, ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡು, ಅಕ್ಕ ಬರುವುದನ್ನೇ ಕಾಯುತ್ತಾ ಗೋಡೆಗೆ ಒರಗಿ ಕೂತಳು.